ಯಂತ್ರದಿಂದ ಯಂತ್ರಕ್ಕೆ: ಡೇವ್ ಕಟ್ಲರ್ ಅವರ ಅರ್ಧ ಶತಮಾನದ ಕಸುಬು



‘ಬದಲಾಗುತ್ತಿರುವ ಪ್ಲಾಟ್‌ಫಾರ್ಮ್‌ಗಳ ನಡುವೆ ಸಾಫ್ಟ್‌ವೇರ್ ಎಂಜಿನಿಯರನ ವೃತ್ತಿಜೀವನ’ ಎಂಬ ವಿಷಯವನ್ನು ಕಂಪ್ಯೂಟರ್ ವಿಜ್ಞಾನ ವಿಭಾಗದವರು ಈ ದತ್ತಿ ಉಪನ್ಯಾಸಕ್ಕಾಗಿ ನನಗೆ ಕೊಟ್ಟಿದ್ದಾರೆ. ಇದರ ಬಗ್ಗೆ ಸಾಮಾನ್ಯ ಮಾತುಗಳನ್ನೇ ಆಡಿದರೆ ಗಂಟೆ ಕಳೆಯುತ್ತದೆ, ಕೇಳಿದವರ ಕೈಗೆ ಏನೂ ಸಿಗುವುದಿಲ್ಲ. ಆದ್ದರಿಂದ ಒಬ್ಬರೇ ಒಬ್ಬ ಎಂಜಿನಿಯರರನ್ನು ಆರಿಸಿಕೊಂಡಿದ್ದೇನೆ. ಅವರ ಹೆಸರು ಡೇವ್ ಕಟ್ಲರ್. ಈ ಸಭಾಂಗಣದಲ್ಲಿ ಆ ಹೆಸರು ಕೇಳಿದವರು ಕೆಲವರೇ ಇರಬಹುದು. ಆದರೆ ಇಲ್ಲಿ ಕುಳಿತಿರುವ ಎಷ್ಟೋ ಜನರ ಬ್ಯಾಗಿನಲ್ಲಿರುವ ಲ್ಯಾಪ್‌ಟಾಪು ಅವರು 1988ರ ಕೊನೆಯಲ್ಲಿ ಶುರು ಮಾಡಿದ ಕೆಲಸದ ಮೇಲೆಯೇ ಇವತ್ತಿಗೂ ನಡೆಯುತ್ತಿದೆ. ನಿಮ್ಮ ತಂದೆತಾಯಿ ಕೌಂಟರಿನಲ್ಲಿ ನಿಂತು ತಂದ ರೈಲು ಟಿಕೆಟಿನ ಹಿಂದೆಯೂ, ಊರಿನ ಜಮೀನಿನ ಪಹಣಿಯ ಹಿಂದೆಯೂ ಅವರ ಕೈ ಇತ್ತು. ಅದನ್ನು ಮುಂದೆ ಹೇಳುತ್ತೇನೆ.

ಕಟ್ಲರ್ ಹುಟ್ಟಿದ್ದು 1942ರ ಮಾರ್ಚಿನಲ್ಲಿ, ಅಮೆರಿಕದ ಮಿಶಿಗನ್ ರಾಜ್ಯದ ಲ್ಯಾನ್ಸಿಂಗ್‌ನಲ್ಲಿ. ಆಲಿವೆಟ್ ಎಂಬ ಸಣ್ಣ ಕಾಲೇಜಿನಲ್ಲಿ ಗಣಿತ ಓದಿ 1965ರಲ್ಲಿ ಹೊರಬಂದರು. ಕಂಪ್ಯೂಟರ್ ಅವರ ಓದಿನ ವಿಷಯವಾಗಿರಲಿಲ್ಲ. ಡ್ಯೂಪಾಂಟ್ ಎಂಬ ರಾಸಾಯನಿಕ ಕಂಪನಿಯಲ್ಲಿ ಕೆಲಸಕ್ಕೆ ಸೇರಿದಾಗ ಒಂದು ಉತ್ಪಾದನಾ ವ್ಯವಸ್ಥೆಯನ್ನು ಐಬಿಎಂ 7044 ಯಂತ್ರದ ಮೇಲೆ ಅನುಕರಿಸಿ ನೋಡುವ ಕೆಲಸ ಅವರ ಪಾಲಿಗೆ ಬಂತು. ಆ ಕೆಲಸ ಮಾಡುತ್ತ ಮಾಡುತ್ತ, ತಾವು ಬರೆದ ಪ್ರೋಗ್ರಾಮಿನ ಕೆಳಗೆ ಏನು ನಡೆಯುತ್ತಿದೆ ಎಂಬ ಕಡೆ ಅವರ ಮನಸ್ಸು ಹರಿಯಿತು. ಆಪರೇಟಿಂಗ್ ಸಿಸ್ಟಂಗಳನ್ನು ಬರೆಯಬೇಕೆಂದು ಆ ನೌಕರಿ ಬಿಟ್ಟರು. 1971ರಲ್ಲಿ ಡಿಜಿಟಲ್ ಎಕ್ವಿಪ್‌ಮೆಂಟ್ ಕಾರ್ಪೊರೇಷನ್ ಸೇರಿದರು. ನಮ್ಮ ಪೀಳಿಗೆಯವರು ಅದನ್ನು ‘ಡೆಕ್’ ಅಂತಲೇ ಕರೆಯುತ್ತಿದ್ದೆವು.

ಡೆಕ್‌ನ ಆಗಿನ ಯಂತ್ರ ಪಿಡಿಪಿ-11. ಹದಿನಾರು ಬಿಟ್ಟಿನ ಮಿನಿಕಂಪ್ಯೂಟರ್. ಕಾರ್ಖಾನೆ, ಪ್ರಯೋಗಾಲಯ, ಟೆಲಿಫೋನ್ ಎಕ್ಸ್‌ಚೇಂಜ್ ಎಲ್ಲೆಡೆ ಮಾರಾಟವಾಗುತ್ತಿತ್ತು. ಅದಕ್ಕೆ ಆರ್‌ಎಸ್‌ಎಕ್ಸ್-11ಎಂ ಎಂಬ ಆಪರೇಟಿಂಗ್ ಸಿಸ್ಟಂ ಕಟ್ಟುವ ಹೊಣೆ ಕಟ್ಲರ್ ಅವರದಾಯಿತು. ಅವರಿಗೆ ಕೊಟ್ಟ ಮಿತಿ ಹೀಗಿತ್ತು: ಒಟ್ಟು ಮೆಮೊರಿ 32 ಕಿಲೋಬೈಟ್, ಅದರಲ್ಲಿ ಸಿಸ್ಟಮ್ಮಿನ ತಿರುಳಿಗೆ 16. ಇವತ್ತು ನಾವು ವಾಟ್ಸಾಪಿನಲ್ಲಿ ಕಳಿಸುವ ಒಂದು ಸಾಧಾರಣ ಚಿತ್ರ ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಅಷ್ಟು ಜಾಗದಲ್ಲಿ ಹಲವಾರು ಕೆಲಸಗಳನ್ನು ಒಟ್ಟಿಗೆ ನಡೆಸಬೇಕು, ಕಾರ್ಖಾನೆಯ ಸಂವೇದಕದಿಂದ ಬಂದ ಸೂಚನೆಗೆ ತಡಮಾಡದೆ ಉತ್ತರಿಸಬೇಕು. ಕಟ್ಲರ್ ‘ಗಾತ್ರವೇ ಗುರಿ’ ಎಂಬ ಅರ್ಥದ ಒಂದು ರಬ್ಬರ್ ಸ್ಟಾಂಪು ಮಾಡಿಸಿಕೊಂಡಿದ್ದರು. ಒಂದೊಂದು ಬೈಟನ್ನೂ ಲೆಕ್ಕ ಹಾಕಿ ಬರೆಯುತ್ತಿದ್ದ ಕಾಲ ಅದು. ಇನ್ನೊಂದು ಸಂಗತಿ ನೋಡಿ. ಪಿಡಿಪಿ-11 ಎಂದರೆ ಒಂದೇ ಯಂತ್ರವಲ್ಲ, ಒಂದು ಕುಟುಂಬ. ಒಂದರಲ್ಲಿ ಇರುವ ಸೌಲಭ್ಯ ಇನ್ನೊಂದರಲ್ಲಿ ಇಲ್ಲ. ಆದ್ದರಿಂದ ಪ್ರತಿಯೊಬ್ಬ ಗ್ರಾಹಕನ ಯಂತ್ರಕ್ಕೆ ತಕ್ಕಂತೆ ಬೇಕಾದ ಭಾಗಗಳನ್ನಷ್ಟೇ ಸೇರಿಸಿ ಸಿಸ್ಟಮ್ಮನ್ನು ಅಲ್ಲೇ ಜೋಡಿಸಿಕೊಳ್ಳುವ ಏರ್ಪಾಡು ಇತ್ತು. ಯಂತ್ರ ಬೇರೆ ಬೇರೆಯಾದರೂ ಅದರ ಮೇಲಿನ ಪ್ರೋಗ್ರಾಂ ಒಂದೇ ರೀತಿ ನಡೆಯಬೇಕು ಎಂಬ ಪಾಠ ಕಟ್ಲರ್ ಅವರಿಗೆ ಸಿಕ್ಕಿದ್ದು ಇಲ್ಲಿಯೇ ಎಂದು ನಾನು ತಿಳಿದಿದ್ದೇನೆ.

ಆರ್‌ಎಸ್‌ಎಕ್ಸ್‌ನ ಒಂದು ಅಂಶವನ್ನು ಮಾತ್ರ ಹತ್ತಿರದಿಂದ ತೋರಿಸಬೇಕು, ಏಕೆಂದರೆ ಮುಂದಿನ ಇಡೀ ಕಥೆ ಅದರ ಮೇಲೆ ನಿಂತಿದೆ. ಒಂದು ಪ್ರೋಗ್ರಾಮಿಗೆ ಡಿಸ್ಕಿನಿಂದ ಮಾಹಿತಿ ಬೇಕು ಎಂದಿಟ್ಟುಕೊಳ್ಳಿ. ಪ್ರೊಸೆಸರ್ ಓಡುವ ವೇಗಕ್ಕೆ ಡಿಸ್ಕು ಬಹಳ ನಿಧಾನ. ಮಾಹಿತಿ ಬರುವವರೆಗೆ ಪ್ರೋಗ್ರಾಂ ಕೈಕಟ್ಟಿ ನಿಲ್ಲಬೇಕೇ? ದರ್ಶಿನಿಯಲ್ಲಿ ಮಸಾಲೆ ದೋಸೆಯ ಚೀಟಿಯನ್ನು ಕೌಂಟರಿನಲ್ಲಿಟ್ಟು, ದೋಸೆ ಆಗುವವರೆಗೆ ಪಕ್ಕದಲ್ಲಿ ನಿಂತು ಕಾಫಿ ಕುಡಿಯುತ್ತೇವೆ; ದೋಸೆ ಆದಾಗ ಅವರೇ ಕೂಗುತ್ತಾರೆ. ಆರ್‌ಎಸ್‌ಎಕ್ಸ್ ಹಾಗೆಯೇ ಮಾಡಿತು. ಪ್ರೋಗ್ರಾಂ ‘ಕ್ಯೂಐಒ’ ಎಂಬ ಕರೆ ಕೊಟ್ಟ ಕೂಡಲೇ ಸಿಸ್ಟಂ ಒಂದು ಸಣ್ಣ ಪೊಟ್ಟಣ ಸಿದ್ಧಮಾಡುತ್ತದೆ. ಯಾರು ಕೇಳಿದರು, ಏನು ಬೇಕು, ಎಲ್ಲಿ ಇಡಬೇಕು ಎಂಬುದೆಲ್ಲ ಅದರಲ್ಲಿ ಇರುತ್ತದೆ. ಪೊಟ್ಟಣ ಡಿಸ್ಕಿನ ಸರದಿಗೆ ಸೇರುತ್ತದೆ, ಪ್ರೋಗ್ರಾಂ ತನ್ನ ಬೇರೆ ಕೆಲಸ ಮುಂದುವರಿಸುತ್ತದೆ. ಡಿಸ್ಕು ಮುಗಿಸಿದಾಗ ಸಿಸ್ಟಂ ಪ್ರೋಗ್ರಾಮಿನ ನಡುವೆಯೇ ಬಂದು ‘ಆಯಿತು’ ಎಂದು ತಿಳಿಸುತ್ತದೆ. ಹದಿನಾರು ಕಿಲೋಬೈಟಿನ ತಿರುಳಿನಲ್ಲಿ ಇಷ್ಟನ್ನೂ ಕೂರಿಸಿದ್ದರು. ಈ ಪೊಟ್ಟಣವನ್ನು ನೆನಪಿನಲ್ಲಿಡಿ.

1975ರಲ್ಲಿ ಡೆಕ್ 32 ಬಿಟ್ಟಿನ ಹೊಸ ಯಂತ್ರದ ಕೆಲಸ ಆರಂಭಿಸಿತು. ಅದೇ ವ್ಯಾಕ್ಸ್. ಅದರ ಆಪರೇಟಿಂಗ್ ಸಿಸ್ಟಂ ವಿಎಂಎಸ್‌ನ ಮುಂದಾಳುಗಳು ಮೂವರು: ಕಟ್ಲರ್, ಡಿಕ್ ಹಸ್ಟ್‌ವೆಟ್, ಪೀಟರ್ ಲಿಪ್‌ಮನ್. ಯಂತ್ರದ ವಿನ್ಯಾಸ ಮಾಡುವವರೂ ಸಿಸ್ಟಂ ಬರೆಯುವವರೂ ಒಂದೇ ಸಮಿತಿಯಲ್ಲಿ ಕೂತು ಆದೇಶಗಳನ್ನು ನಿರ್ಧರಿಸಿದರು. 1977ರ ಅಕ್ಟೋಬರಿನಲ್ಲಿ ವ್ಯಾಕ್ಸ್-11/780 ಹೊರಬಂತು. ನಾನು ಇಲ್ಲಿ ಮೆಚ್ಚುವುದು ಅದರ ವೇಗವನ್ನಲ್ಲ. ಪಿಡಿಪಿ-11ಕ್ಕೆ ಬರೆದ ಪ್ರೋಗ್ರಾಮುಗಳು ಆ ಹೊಸ ಯಂತ್ರದ ಮೇಲೆಯೂ ನಡೆಯುವಂತೆ ಯಂತ್ರದೊಳಗೇ ಒಂದು ಹೊಂದಾಣಿಕೆ ಕ್ರಮ ಇಟ್ಟಿದ್ದರು. ವಿಎಂಎಸ್‌ನ ಮೊದಲ ಆವೃತ್ತಿಯ ಹಲವು ಉಪಕರಣಗಳೇ ಆ ಹಳೆಯ ರೂಪದಲ್ಲಿ ಓಡುತ್ತಿದ್ದವು. ಗ್ರಾಹಕ ವರ್ಷಗಟ್ಟಲೆ ಕಷ್ಟಪಟ್ಟು ಬರೆಸಿದ್ದನ್ನು ಕಸವೆಂದು ಬಿಸಾಡಬಾರದು ಎಂಬ ಮರ್ಯಾದೆ ಅದರಲ್ಲಿತ್ತು. ಮತ್ತೆ ಆ ಪೊಟ್ಟಣ? ವಿಎಂಎಸ್‌ನಲ್ಲಿ ಅದೇ ಕ್ಯೂಐಒ ಕರೆ, ಅದೇ ಪೊಟ್ಟಣ, ‘ಐಆರ್‌ಪಿ’ ಎಂಬ ಹೆಸರಿನಲ್ಲಿ.

ಈಗ ನಮ್ಮ ದೇಶಕ್ಕೆ ಬರೋಣ. ಕಂಪ್ಯೂಟರ್ ಬರುವ ಮುಂಚಿನ ರೈಲ್ವೆ ಕಾಯ್ದಿರಿಸುವಿಕೆ ಇಲ್ಲಿರುವ ಹಿರಿಯರಿಗೆ ನೆನಪಿದೆ. ಒಂದು ರೈಲಿಗೆ ಒಂದು ಕೌಂಟರು, ಕೌಂಟರಿನೊಳಗೆ ದಪ್ಪ ರಿಜಿಸ್ಟರು. ತಪ್ಪು ಸಾಲಿನಲ್ಲಿ ನಿಂತಿದ್ದರೆ ಅರ್ಧ ದಿನ ಹೋದಂತೆಯೇ. 1980ರ ದಶಕದ ಮಧ್ಯದಲ್ಲಿ ಸರಕಾರಿ ಸಂಸ್ಥೆಯಾಗಿದ್ದ ಸಿಎಂಸಿ ದೆಹಲಿಯಲ್ಲಿ ‘ಇಂಪ್ರೆಸ್’ ಎಂಬ ವ್ಯವಸ್ಥೆ ಕಟ್ಟಿತು. ಅದು ನಡೆದದ್ದು ವ್ಯಾಕ್ಸ್ ಯಂತ್ರಗಳ ಮೇಲೆ. ಆಮೇಲೆ ರೈಲ್ವೆಯ ಸ್ವಂತ ಸಂಸ್ಥೆ ಕ್ರಿಸ್ ಬರೆದ ‘ಕನ್ಸರ್ಟ್’ 1994ರಲ್ಲಿ ಸಿಕಂದರಾಬಾದಿನಲ್ಲಿ ಶುರುವಾಯಿತು, ಅದರ ಬುಡವೂ ವಿಎಂಎಸ್. 1999ರಲ್ಲಿ ದೆಹಲಿ, ಮುಂಬಯಿ, ಕೋಲ್ಕತ್ತ, ಚೆನ್ನೈ, ಸಿಕಂದರಾಬಾದ್ ಕೇಂದ್ರಗಳು ಒಂದಕ್ಕೊಂದು ಜೋಡಣೆಯಾದವು. ಹುಬ್ಬಳ್ಳಿಯ ಕೌಂಟರಿನಲ್ಲಿ ನಿಂತವರು ಹೌರಾದಿಂದ ಹೊರಡುವ ರೈಲಿಗೆ ಅಲ್ಲೇ ಟಿಕೆಟು ತೆಗೆದುಕೊಳ್ಳುವಂತಾಯಿತು. ನೂರಾರು ಕೌಂಟರುಗಳ ಗುಮಾಸ್ತರು ಒಂದೇ ಕ್ಷಣದಲ್ಲಿ ಒಂದೇ ರೈಲಿನ ಸೀಟು ಕೇಳುತ್ತಾರೆ. ಒಂದು ಬರ್ತು ಇಬ್ಬರಿಗೆ ಹೋಗಬಾರದು, ಯಾರೂ ಅನಗತ್ಯವಾಗಿ ಕಾಯಬಾರದು, ನಡುವೆ ಕರೆಂಟು ಹೋದರೆ ಲೆಕ್ಕ ಕೆಡಬಾರದು. ಕಟ್ಲರ್ ಮುಂದೆ ಹೇಳಲಿರುವ ಕಾರಣಕ್ಕೆ ಸಿಯಾಟಲ್ ಕಡೆಗೆ ಹೋದ ಮೇಲೆ ಅವರ ಸಹೋದ್ಯೋಗಿಗಳು ಹಲವು ವ್ಯಾಕ್ಸ್‌ಗಳನ್ನು ಒಂದಾಗಿ ದುಡಿಸುವ ಕ್ಲಸ್ಟರ್ ಏರ್ಪಾಡನ್ನು ಸೇರಿಸಿದ್ದರು. ಆದರೆ ಪ್ರತಿಯೊಂದು ಕೋರಿಕೆಯೂ ಪೊಟ್ಟಣವಾಗಿ ಸರದಿಗೆ ಸೇರುವ ಆ ತಳಪಾಯ ಮೊದಲಿನದೇ. ವಿಎಂಎಸ್ ಬಗ್ಗೆ ನನಗಿರುವ ಗೌರವ ಪಠ್ಯಪುಸ್ತಕದಿಂದ ಬಂದದ್ದಲ್ಲ, ಆ ರಿಸರ್ವೇಶನ್ ಹಾಲಿನಿಂದ ಬಂದದ್ದು.

ಇನ್ನು ಈ ಕಥೆಯ ಕಹಿ ಭಾಗ. ಡೆಕ್‌ನ ದೊಡ್ಡ ಸಂಸ್ಥೆಯ ರೀತಿಗಳಿಂದ ಬೇಸತ್ತು ಕಟ್ಲರ್ 1981ರ ಹೊತ್ತಿಗೆ ಹೊರಡಲು ಸಿದ್ಧರಾಗಿದ್ದರು. ಅಲ್ಲಿನ ತಾಂತ್ರಿಕ ಮುಖ್ಯಸ್ಥ ಗಾರ್ಡನ್ ಬೆಲ್ ಅವರನ್ನು ಉಳಿಸಿಕೊಂಡದ್ದು, ನಿನಗೆ ಬೇಕಾದವರನ್ನು ಕರೆದುಕೊಂಡು ಬೇಕಾದ ಊರಿನಲ್ಲಿ ಕೆಲಸ ಮಾಡು ಎಂದು ಬಿಟ್ಟುಕೊಟ್ಟು. ಹೀಗೆ ಸಿಯಾಟಲ್ ಬಳಿ ‘ಡೆಕ್‌ವೆಸ್ಟ್’ ಹುಟ್ಟಿತು. ಮೊದಲ ಮೈಕ್ರೋವ್ಯಾಕ್ಸ್ ಬಂದದ್ದು ಅಲ್ಲಿಂದ. ಆಮೇಲೆ ‘ಪ್ರಿಸಂ’ ಎಂಬ ಹೊಸ ಪ್ರೊಸೆಸರು, ಅದರ ಮೇಲೆ ‘ಮೈಕಾ’ ಎಂಬ ಹೊಸ ಆಪರೇಟಿಂಗ್ ಸಿಸ್ಟಂ. ವರ್ಷಗಳ ಕೆಲಸ. 1988ರಲ್ಲಿ ಕಂಪನಿ ಅದನ್ನು ರದ್ದು ಮಾಡಿತು. ಹೊರಗಿನ ಮಿಪ್ಸ್ ಚಿಪ್ಪನ್ನೇ ಕೊಂಡು ಯಂತ್ರ ಮಾಡುವುದು ಬೇಗ ಆಗುತ್ತದೆ ಎಂಬುದು ಅವರ ಲೆಕ್ಕ. ಕಾಲ ಕೆಳಗಿನ ಪ್ಲಾಟ್‌ಫಾರ್ಮ್ ಕುಸಿಯುವುದು ಎಂದರೆ ಇದು. ಬರೆದವರ ಪ್ರತಿಭೆ ಎಷ್ಟೇ ಇರಲಿ, ಹೊರಗೆ ಬಾರದ ಯಂತ್ರದ ಮೇಲೆ ಯಾರ ಪ್ರೋಗ್ರಾಮೂ ನಡೆಯುವುದಿಲ್ಲ.

ಅದೇ ವರ್ಷದ ಅಕ್ಟೋಬರ್ ಕೊನೆಯಲ್ಲಿ ಕಟ್ಲರ್ ಮೈಕ್ರೋಸಾಫ್ಟ್ ಸೇರಿದರು, ಡೆಕ್‌ವೆಸ್ಟಿನ ಹಲವರು ಜೊತೆಗೆ ಬಂದರು. ಅವರು ಶುರು ಮಾಡಿದ್ದೇ ವಿಂಡೋಸ್ ಎನ್‌ಟಿ. ಇಲ್ಲಿ ಅವರು ತೆಗೆದುಕೊಂಡ ಒಂದು ತೀರ್ಮಾನವನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ಬಿಡಿಸಿ ನೋಡಬೇಕು. ಮೈಕ್ರೋಸಾಫ್ಟಿನ ವ್ಯಾಪಾರವೆಲ್ಲ ಇಂಟೆಲ್‌ನ ಎಕ್ಸ್86 ಚಿಪ್ಪುಗಳ ಮೇಲಿದ್ದರೂ ಈ ತಂಡ ಬೇಕೆಂದೇ ಅದರ ಮೇಲೆ ಮೊದಲು ಬರೆಯಲಿಲ್ಲ. ಇಂಟೆಲ್‌ನದೇ ಬೇರೆ ಜಾತಿಯ ಐ860 ಚಿಪ್ಪನ್ನು ಆರಿಸಿಕೊಂಡರು. ಯಂತ್ರ ಇನ್ನೂ ಕೈಗೆ ಬರದ ಕಾರಣ ಅದರ ಅನುಕರಣೆಯ ಮೇಲೆ ಕೋಡು ಓಡಿಸಿದರು. ಆ ಚಿಪ್ಪು ಈ ಕೆಲಸಕ್ಕೆ ಒಗ್ಗದಿದ್ದಾಗ ಮಿಪ್ಸ್‌ಗೆ ಹೋದರು, ಅದರ ಜೊತೆಗೆ ಎಕ್ಸ್86ಕ್ಕೆ ತಂದರು, ಮುಂದೆ ಡೆಕ್‌ನ ಆಲ್ಫಾಗೂ ಒಯ್ದರು. ಜನ ಬಳಸುವ ಯಂತ್ರದ ಮೇಲೆಯೇ ಮೊದಲು ಬರೆದಿದ್ದರೆ ಆ ಯಂತ್ರದ ಒಂದೊಂದು ಗುಣವೂ ತಿಳಿಯದಂತೆ ಕೋಡಿನೊಳಕ್ಕೆ ಇಳಿದುಬಿಡುತ್ತಿತ್ತು. ಆಮೇಲೆ ಬಿಡಿಸಲು ಸಾಧ್ಯವಿರಲಿಲ್ಲ. ಯಂತ್ರಕ್ಕೆ ಅಂಟಿಕೊಂಡ ಭಾಗಗಳನ್ನು ‘ಹಾಲ್’ ಎಂಬ ಒಂದು ತೆಳು ಪದರದಲ್ಲೂ ತಿರುಳಿನ ಕೆಲವು ಕಡತಗಳಲ್ಲೂ ಕಟ್ಟಿಹಾಕಿ, ಉಳಿದದ್ದನ್ನು ಬಹುಪಾಲು ಸಿ ಭಾಷೆಯಲ್ಲಿ ಬರೆದರು. ಆಲ್ಫಾ ಚಿಪ್ಪಿನೊಳಗೆ ರದ್ದಾದ ಪ್ರಿಸಮ್ಮಿನ ಅನುಭವ ಹರಿದುಬಂದಿತ್ತು. ಹೀಗಾಗಿ ಕಟ್ಲರ್ ಕಳೆದುಕೊಂಡ ಯಂತ್ರದ ವಾರಸುದಾರನ ಮೇಲೆಯೇ ಅವರ ಹೊಸ ಸಿಸ್ಟಂ ಓಡಿತು.

ಕೋಡಿಗೆ ಮುಂಚೆ ಬರಹ ಬಂತು ಎಂಬುದನ್ನೂ ಹೇಳಬೇಕು. ಎನ್‌ಟಿಯ ವಿನ್ಯಾಸದ ದಪ್ಪ ಕೈಪಿಡಿಯನ್ನು ತಂಡ ಮೊದಲು ಬರೆಯಿತು. ಪ್ರಕ್ರಿಯೆ, ಮೆಮೊರಿ, ಕಡತ ಒಂದೊಂದಕ್ಕೂ ಒಂದೊಂದು ಅಧ್ಯಾಯ. ಅದರ ಪ್ರತಿ ಇವತ್ತು ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯದಲ್ಲಿದೆ. 2006ರಲ್ಲಿ ಮೈಕ್ರೋಸಾಫ್ಟ್ ಈ ತಿರುಳಿನ ಮೂಲ ಕೋಡನ್ನು ವಿಶ್ವವಿದ್ಯಾಲಯಗಳ ಓದಿಗೆಂದು ಕೊಟ್ಟಿತು. ಅದನ್ನು ತೆರೆದವರಿಗೆ ಒಂದು ಶಿಸ್ತು ಕಣ್ಣಿಗೆ ಕಟ್ಟುತ್ತದೆ. ಕಡತದ ತಲೆಯಲ್ಲಿ ಬರೆದವರ ಹೆಸರು, ತಾರೀಖು. ಪ್ರತಿಯೊಂದು ಕಾರ್ಯದ ಮೇಲೆ ಅದು ಏನು ಮಾಡುತ್ತದೆ, ಏನನ್ನು ತೆಗೆದುಕೊಳ್ಳುತ್ತದೆ, ಏನನ್ನು ಹಿಂದಿರುಗಿಸುತ್ತದೆ ಎಂಬ ಪೂರ್ತಿ ವಾಕ್ಯಗಳು. ಬೇರೊಬ್ಬರು ಮುಂದೆ ಓದುತ್ತಾರೆ ಎಂಬ ನಂಬಿಕೆಯಿಂದ ಬರೆದ ಕೋಡು ಅದು. ಅದರೊಳಗೆ ಐಆರ್‌ಪಿ ಎಂಬ ಪೊಟ್ಟಣವೂ ಇದೆ: ಆರ್‌ಎಸ್‌ಎಕ್ಸ್‌ನಿಂದ ವಿಎಂಎಸ್‌ಗೆ, ವಿಎಂಎಸ್‌ನಿಂದ ಎನ್‌ಟಿಗೆ. ಭಾಷೆ ಅಸೆಂಬ್ಲಿಯಿಂದ ಸಿ ಆಯಿತು, ಯಂತ್ರ ಹದಿನಾರು ಬಿಟ್ಟಿನಿಂದ ಅರವತ್ತನಾಲ್ಕಕ್ಕೆ ಏರಿತು, ಕಂಪನಿ ಬದಲಾಯಿತು. ಕೋರಿಕೆ ಮತ್ತು ಸರದಿಯ ಆ ಆಲೋಚನೆ ಮಾತ್ರ ಅವರ ಜೊತೆಗೇ ಬಂತು. ಒಬ್ಬ ಎಂಜಿನಿಯರ್ ಯಂತ್ರದಿಂದ ಯಂತ್ರಕ್ಕೆ ಒಯ್ಯಬಲ್ಲದ್ದು ಇಂಥದ್ದು ಎಂದು ಹೇಳಲಿಕ್ಕಾಗಿಯೇ ನಾನು ಇಲ್ಲಿ ನಿಂತಿದ್ದೇನೆ.

ಎನ್‌ಟಿ ಹೊರಬಂದದ್ದು 1993ರ ಜುಲೈನಲ್ಲಿ. ಗಾತ್ರವೇ ಗುರಿ ಎಂದಿದ್ದವರು ಕಟ್ಟಿದ ಈ ಸಿಸ್ಟಮ್ಮಿಗೆ ಕನಿಷ್ಠ 12 ಮೆಗಾಬೈಟ್ ಮೆಮೊರಿ ಬೇಕಿತ್ತು. ಆಗಿನ ಸಾಮಾನ್ಯ ಪಿಸಿಯಲ್ಲಿ ಇರುತ್ತಿದ್ದದ್ದು ನಾಲ್ಕು. ದೊಡ್ಡದು, ನಿಧಾನ ಎಂಬ ಟೀಕೆ ಬಂತು, ಆ ಟೀಕೆ ನ್ಯಾಯವಾದದ್ದೇ. ಮರುವರ್ಷದ 3.5 ಆವೃತ್ತಿಯಲ್ಲಿ ಗಾತ್ರ ಇಳಿಸಲು, ವೇಗ ಹೆಚ್ಚಿಸಲು ತಂಡ ಮತ್ತೆ ಕೂತಿತು. ನನ್ನ ಅಭಿಪ್ರಾಯದಲ್ಲಿ ಕಟ್ಲರ್ ಇಲ್ಲಿ ಆರಿಸಿಕೊಂಡದ್ದು ಗಟ್ಟಿತನವನ್ನು. ಒಂದು ಪ್ರೋಗ್ರಾಂ ಕೆಟ್ಟರೆ ಇಡೀ ಯಂತ್ರ ನಿಲ್ಲಬಾರದು ಎಂಬುದಕ್ಕೆ ಮೆಮೊರಿಯ ಬೆಲೆ ತೆತ್ತರು. ಮೆಮೊರಿ ಅಗ್ಗವಾಯಿತು, ಗಟ್ಟಿತನವನ್ನು ಆಮೇಲೆ ಸೇರಿಸಲು ಬರುತ್ತಿರಲಿಲ್ಲ. 2001ರಲ್ಲಿ ವಿಂಡೋಸ್ ಎಕ್ಸ್‌ಪಿಯ ಮೂಲಕ ಇದೇ ತಿರುಳು ಮನೆಮನೆಯ ಕಂಪ್ಯೂಟರಿಗೆ ಬಂತು.

ಎನ್‌ಟಿ ಕರ್ನಾಟಕದ ತಾಲ್ಲೂಕು ಕಚೇರಿಗಳಿಗೂ ಬಂತು. ‘ಭೂಮಿ’ ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿ, 177 ತಾಲ್ಲೂಕುಗಳಲ್ಲಿ 15 ರೂಪಾಯಿಗೆ ಅಚ್ಚು ಹಾಕಿ ಕೊಡಲು ಶುರು ಮಾಡಿದ್ದು 2000ದ ಆಸುಪಾಸಿನಲ್ಲಿ. ರಾಷ್ಟ್ರೀಯ ಮಾಹಿತಿ ಕೇಂದ್ರದ ಬೆಂಗಳೂರಿನ ಎಂಜಿನಿಯರರು ಬರೆದ ಆ ತಂತ್ರಾಂಶ ನಡೆದದ್ದು ವಿಂಡೋಸ್ ಎನ್‌ಟಿಯ ಮೇಲೆ. ಅದಕ್ಕೆ ಮುಂಚೆ ದಾಖಲೆ ಇರುತ್ತಿದ್ದದ್ದು ಗ್ರಾಮಲೆಕ್ಕಿಗರ ಕೈಬರಹದಲ್ಲಿ, ಅವರ ಕೈಚೀಲದಲ್ಲಿ. ಬೆಳೆಸಾಲಕ್ಕೆ ಪಹಣಿ ಬೇಕಾದ ರೈತ ಅವರನ್ನು ಹುಡುಕಿಕೊಂಡು ಊರೂರು ಅಲೆಯಬೇಕಿತ್ತು. ತಾಲ್ಲೂಕು ಕಚೇರಿಯ ಕಿಟಕಿಯ ಆಚೆ ಪರದೆಯ ಮೇಲೆ ತನ್ನ ಸರ್ವೆ ನಂಬರು ಕನ್ನಡದಲ್ಲಿ ಕಾಣಿಸಿದಾಗ ಆ ರೈತನಿಗೆ ಕಟ್ಲರ್ ಯಾರು ಎಂದು ತಿಳಿಯಬೇಕಾಗಿರಲಿಲ್ಲ. ಆದರೆ ನಡುಮಧ್ಯಾಹ್ನ ಯಂತ್ರ ನಿಂತುಹೋಗಿ ‘ನಾಳೆ ಬಾ’ ಎನ್ನಿಸಿಕೊಳ್ಳದೆ ಆತ ಮನೆಗೆ ಹೋದ ದಿನಗಳಲ್ಲಿ, ಹಿಂದೆ ಹೇಳಿದ ಆ ಗಟ್ಟಿತನದ ಪಾಲೂ ಇದೆ.

ಮುಂದಿನದನ್ನು ಬೇಗ ಹೇಳಿ ಮುಗಿಸುತ್ತೇನೆ. 64 ಬಿಟ್ಟಿಗೆ ಹೋಗುವ ಕಾಲ ಬಂದಾಗ ಇಂಟೆಲ್ ಹಳೆಯದನ್ನು ಬಿಟ್ಟು ಇಟೇನಿಯಂ ಎಂಬ ಪೂರ್ತಿ ಹೊಸ ಚಿಪ್ಪು ಮಾಡಿತು. ಅದರ ಪ್ರತಿಸ್ಪರ್ಧಿ ಎಎಂಡಿ ಹಳೆಯ ಎಕ್ಸ್86ನ್ನೇ ಹಿಗ್ಗಿಸಿತು. ಕಟ್ಲರ್ ಎಎಂಡಿಯ ಜೊತೆ ನಿಂತು ಆ ಚಿಪ್ಪಿಗೆ ವಿಂಡೋಸನ್ನು ತಂದರು, 2005ರಲ್ಲಿ ಅದು ಹೊರಬಂತು. 32 ಬಿಟ್ಟಿನ ಹಳೆಯ ಪ್ರೋಗ್ರಾಮುಗಳು ಅದರ ಮೇಲೆ ಹಾಗೆಯೇ ನಡೆದವು, ವ್ಯಾಕ್ಸ್ ಮೇಲೆ ಪಿಡಿಪಿಯ ಪ್ರೋಗ್ರಾಂ ನಡೆದಂತೆ. ಆಮೇಲೆ ಮೈಕ್ರೋಸಾಫ್ಟಿನ ಸಹೋದ್ಯೋಗಿ ಅಮಿತಾಭ್ ಶ್ರೀವಾಸ್ತವ ಅವರ ಜೊತೆ ಅಜೂರ್ ಕ್ಲೌಡ್, ಅದು ಪ್ರಕಟವಾದದ್ದು 2008ರಲ್ಲಿ. ಅನಂತರ 2013ರ ಎಕ್ಸ್‌ಬಾಕ್ಸ್ ಒನ್ ಒಳಗೆ ಆಟಕ್ಕೊಂದು, ಉಳಿದದ್ದಕ್ಕೊಂದು ಸಿಸ್ಟಮ್ಮನ್ನು ಒಟ್ಟಿಗೆ ನಡೆಸುವ ತಳಪದರ. ಎಂಬತ್ತು ದಾಟಿದ ಮೇಲೂ ಅವರು ಕೋಡು ಬರೆಯುತ್ತಿದ್ದರು.

ಇದನ್ನೆಲ್ಲ ಕೇಳಿದ ವಿದ್ಯಾರ್ಥಿಗಳು ನನ್ನನ್ನು ಕೇಳಬಹುದು: ಸಾರ್, ಅವರಿಗೆ ಗಾರ್ಡನ್ ಬೆಲ್ ಇದ್ದರು, ಬಿಲ್ ಗೇಟ್ಸ್ ಇದ್ದರು, ನಮಗೆ ಯಾರಿದ್ದಾರೆ? ಪ್ರಶ್ನೆ ಸರಿಯಾದದ್ದು. ಬೆಂಗಳೂರಿನಲ್ಲಿ ನನ್ನ ಜೊತೆ ವ್ಯಾಕ್ಸ್ ಮೇಲೆ ದುಡಿದ ಒಬ್ಬ ಗೆಳೆಯರಿದ್ದರು. ಡಿಸ್ಕಿನ ಸರದಿ ಎಲ್ಲಿ ಸಿಕ್ಕಿಹಾಕಿಕೊಂಡಿದೆ ಎಂದು ಕ್ರ್ಯಾಶ್ ಡಂಪಿನ ಅಂಕಿಗಳನ್ನು ಓದಿಯೇ ಹೇಳುತ್ತಿದ್ದರು. ವ್ಯಾಕ್ಸ್ ಹೋದಾಗ ನಮ್ಮ ಸಂಸ್ಥೆ ಅವರ ಹೆಸರಿನ ಮುಂದೆ ‘ಹಳೆಯ ತಂತ್ರಜ್ಞಾನ’ ಎಂದು ಬರೆದು ತಿಂಗಳುಗಟ್ಟಲೆ ಕೆಲಸ ಕೊಡದೆ ಬೆಂಚಿನಲ್ಲಿ ಕೂರಿಸಿತು. ಎನ್‌ಟಿಯ ತಿರುಳು ಅವರಿಗೆ ಎಲ್ಲರಿಗಿಂತ ಬೇಗ ಅರ್ಥವಾಗುತ್ತಿತ್ತು, ಏಕೆಂದರೆ ಅದು ಅವರು ಬಲ್ಲ ಸಿಸ್ಟಮ್ಮೇ. ಕೇಳುವವರಿರಲಿಲ್ಲ. ಕೊನೆಗೆ ಅವರು ಕೆಲಸ ಬಿಟ್ಟರು. ನನಗೆ ಅದು ಇಂದಿಗೂ ನೋವಿನ ಸಂಗತಿ. ರೆಸ್ಯೂಮೆಯಲ್ಲಿರುವ ಉಪಕರಣದ ಹೆಸರನ್ನು ನೋಡಿ ಮನುಷ್ಯನ ತಿಳಿವಳಿಕೆಯನ್ನು ಅಳೆಯುವ ಈ ಪದ್ಧತಿ ನಮ್ಮ ಉದ್ಯಮಕ್ಕೆ ಮಾಡಿರುವ ನಷ್ಟ ಸಣ್ಣದಲ್ಲ.

ಇದಕ್ಕೆ ಎದುರಾದ ಉದಾಹರಣೆಯೂ ನಮ್ಮ ಊರಿನಲ್ಲೇ ಇದೆ. ಡೆಕ್ ಮುಳುಗಿ, ಕಾಂಪ್ಯಾಕ್ ಮೂಲಕ ಎಚ್‌ಪಿಯ ಕೈಸೇರಿದ ವಿಎಂಎಸ್‌ನ ಅಭಿವೃದ್ಧಿಯ ಕೆಲಸ 2009ರಲ್ಲಿ ಅಮೆರಿಕದಿಂದ ಬೆಂಗಳೂರಿಗೆ ಬಂತು. ಇಲ್ಲಿನ ಎಂಜಿನಿಯರರು ಮೂವತ್ತು ವರ್ಷ ಹಳೆಯ ಕೋಡನ್ನು ಸಾಲುಸಾಲಾಗಿ ಓದಿ ಉಳಿಸಿಕೊಂಡು ಬಂದರು. 2014ರಲ್ಲಿ ಅದು ಮತ್ತೆ ಮ್ಯಾಸಚೂಸೆಟ್ಸ್‌ನ ಒಂದು ಸಂಸ್ಥೆಗೆ ಹೋಯಿತು. ವ್ಯಾಕ್ಸ್, ಆಲ್ಫಾ, ಇಟೇನಿಯಂ ದಾಟಿ 2022ರಲ್ಲಿ ಎಕ್ಸ್86ರ ಮೇಲೆ ನಡೆಯತೊಡಗಿತು. ಆ ಸರಪಳಿಯ ಒಂದು ಕೊಂಡಿ ಬೆಂಗಳೂರಿನದು ಎಂಬುದನ್ನು ನಾನು ಹೆಮ್ಮೆಯಿಂದ ಹೇಳುತ್ತೇನೆ. ಅಂಥ ಕೆಲಸ ಮಾಡಬಲ್ಲವರು ಇಲ್ಲಿದ್ದಾರೆ. ಅವರಿಗೆ ಬೇಕಾದದ್ದು ಒಂದೇ ಸಿಸ್ಟಮ್ಮಿನ ಜೊತೆ ಕೂರಲು ವರ್ಷಗಳ ಕಾಲಾವಕಾಶ.

ಆ ಕಾಲಾವಕಾಶ ಕಾಲೇಜಿನಲ್ಲೇ ಸ್ವಲ್ಪ ಸಿಗಲಿ ಎಂದು ವಿಭಾಗದ ಮುಖ್ಯಸ್ಥರ ಜೊತೆ ಒಂದು ಮಾತು ಆಡಿಕೊಂಡಿದ್ದೇನೆ. ಎಂಐಟಿಯವರು ಪಾಠಕ್ಕೆಂದೇ ಬರೆದ ಎಕ್ಸ್‌ವಿ6 ಎಂಬ ಪುಟ್ಟ ಆಪರೇಟಿಂಗ್ ಸಿಸ್ಟಂ ಇದೆ. ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಅದನ್ನು ಮೊದಲು ಎಕ್ಸ್86ಕ್ಕೆ ಬರೆದು ಆಮೇಲೆ ರಿಸ್ಕ್-ಫೈವ್ ಚಿಪ್ಪಿಗೆ ಒಯ್ದಿದ್ದಾರೆ. ಎರಡೂ ಆವೃತ್ತಿಗಳ ಕೋಡು ಸಿಗುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಯಾವ ಸಾಲುಗಳು ಬದಲಾದವು, ಯಾವುವು ಉಳಿದವು, ಏಕೆ ಎಂದು ಓದುವುದು. ಡಿಸ್ಕಿನ ಕೋರಿಕೆ ಸರದಿಗೆ ಸೇರುವ ಕಡತದಿಂದ ಶುರು ಮಾಡೋಣ. ಮುಂದಿನ ಸೆಮಿಸ್ಟರಿನ ಶನಿವಾರ ಬೆಳಿಗ್ಗೆ ನಾನು ಬಂದು ಜೊತೆಗೆ ಕೂರುತ್ತೇನೆ. ಅಂಕಗಳಿಲ್ಲ, ಸರ್ಟಿಫಿಕೇಟೂ ಇಲ್ಲ. ಹೆಸರು ಕೊಡುವವರು ವಿಭಾಗದ ಕಚೇರಿಯಲ್ಲಿ ಕೊಡಬಹುದು. ಕನ್ನಡದಲ್ಲಿ ಚರ್ಚೆ ಮಾಡೋಣ, ಎರಡನೆಯ ವರ್ಷದವರೂ ಬರಬಹುದು.